ವ್ಯವಹಾರದಲ್ಲಿ ಮಾಹಿತಿಯ ಸ್ಥಾನ

ಊರಿನ ಪೇಟೆಬೀದಿಯಲ್ಲಿ ದಿನಸಿ ಅಂಗಡಿಯನ್ನಿಟ್ಟಿರುವ ವ್ಯಾಪಾರಿಯು ರಾತ್ರಿ ಬಾಗಿಲು ಹಾಕುವ ಮುನ್ನ ಕಿರ್ದಿ ಪುಸ್ತಕವನ್ನು ತೆರೆಯುತ್ತಾನೆ. ಅಂದಿನ ಮಾರಾಟ, ಉದ್ರಿ ಕೊಟ್ಟದ್ದು, ಸಗಟು ವ್ಯಾಪಾರಿಗೆ ಸಲ್ಲಿಸಿದ್ದು ಎಲ್ಲವನ್ನೂ ಬರೆದು, ಗಲ್ಲಾಪೆಟ್ಟಿಗೆಯಲ್ಲಿರುವ ಹಣದೊಡನೆ ತಾಳೆ ನೋಡುತ್ತಾನೆ. ಅನಂತರ ಬೇಳೆಯ ಮೂಟೆ, ಎಣ್ಣೆಯ ಡಬ್ಬಗಳತ್ತ ಕಣ್ಣು ಹಾಯಿಸಿ, ನಾಳೆ ಏನನ್ನು ತರಿಸಬೇಕು, ಯಾರಿಗೆ ಇನ್ನು ಉದ್ರಿ ಕೊಡಬಾರದು ಎಂಬುದನ್ನು ನಿಶ್ಚಯಿಸುತ್ತಾನೆ. 'ಮಾಹಿತಿ ವ್ಯವಸ್ಥೆ' ಎಂಬ ಹೆಸರನ್ನು ಅವನು ಕೇಳದೆ ಇರಬಹುದು. ಆದರೆ ಅದರ ಸಾರವೆಲ್ಲವೂ ಅವನ ಆ ಪುಸ್ತಕದಲ್ಲಿ ಅಡಗಿದೆ.

'ಇಂದು ಇಪ್ಪತ್ತು ಕಿಲೋಗ್ರಾಂ ಸಕ್ಕರೆ ಮಾರಾಟವಾಯಿತು' ಎಂಬುದು ಕೇವಲ ಒಂದು ದತ್ತಾಂಶ. 'ಹಬ್ಬ ಸಮೀಪಿಸಿದೆ, ಸಕ್ಕರೆಯ ಬೇಡಿಕೆ ಹೆಚ್ಚುತ್ತಿದೆ, ಅಂಗಡಿಯಲ್ಲಿರುವ ದಾಸ್ತಾನು ಎರಡು ದಿನಕ್ಕೂ ಸಾಲದು' ಎಂಬುದು ಮಾಹಿತಿ. ಬಿಡಿ ಬಿಡಿಯಾದ ದತ್ತಾಂಶಗಳನ್ನು ಒಂದುಗೂಡಿಸಿ, ಹೋಲಿಸಿ, ಅವುಗಳಿಂದ ಒಂದು ತೀರ್ಮಾನಕ್ಕೆ ನೆರವಾಗುವ ಅರ್ಥವನ್ನು ಹೊರಡಿಸಿದಾಗ ಅದು ಮಾಹಿತಿಯೆನಿಸುತ್ತದೆ. ದತ್ತಾಂಶಗಳನ್ನು ಸಂಗ್ರಹಿಸುವುದು, ಸಂಸ್ಕರಿಸುವುದು, ಕಾಪಾಡಿಡುವುದು, ತೀರ್ಮಾನ ಕೈಗೊಳ್ಳಬೇಕಾದವರಿಗೆ ಸಕಾಲದಲ್ಲಿ ತಲುಪಿಸುವುದು, ಇವೆಲ್ಲಕ್ಕೂ ಏರ್ಪಡಿಸಿದ ಕ್ರಮವೇ ಮಾಹಿತಿ ವ್ಯವಸ್ಥೆ. ಸಾಧನವು ಕಾಗದವಾಗಿರಬಹುದು, ಗಣಕಯಂತ್ರವಾಗಿರಬಹುದು; ಉದ್ದೇಶ ಮಾತ್ರ ಒಂದೇ.

ಒಂದೇ ಅಂಗಡಿಯ ಒಡೆಯನು ಎಲ್ಲವನ್ನೂ ಕಣ್ಣಾರೆ ಕಾಣಬಲ್ಲನು. ನೂರಾರು ಅಂಗಡಿಗಳ ಒಡೆಯನಿಗೆ ಅದು ಸಾಧ್ಯವಿಲ್ಲ. ಲಂಡನ್ ನಗರದ ಜೆ. ಲಯನ್ಸ್ ಅಂಡ್ ಕಂಪನಿಯು ಇಂತಹ ತೊಡಕನ್ನೇ ಎದುರಿಸುತ್ತಿತ್ತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅದಕ್ಕೆ 200ಕ್ಕೂ ಹೆಚ್ಚು ಚಹಾದಂಗಡಿಗಳಿದ್ದವು. ರೊಟ್ಟಿ, ಕೇಕು ಮೊದಲಾದ ತಿನಿಸುಗಳು ದಿನದಿನವೂ ಹೊಸದಾಗಿ ತಯಾರಾಗಿ ಅಲ್ಲಿಗೆ ಹೋಗಬೇಕಾಗಿತ್ತು. ಹೆಚ್ಚಾದರೆ ಹಳಸಿ ನಷ್ಟ. ಕಡಮೆಯಾದರೆ ಗಿರಾಕಿ ಬರಿಗೈಯಲ್ಲಿ ಹಿಂದಿರುಗುವನು. ಒಂದು ಬಟ್ಟಲು ಚಹಾದಿಂದ ದೊರೆಯುವ ಲಾಭ ಅತ್ಯಲ್ಪ. ಅದರ ಲೆಕ್ಕವನ್ನಿಡಲು ಬೇಕಾದ ಗುಮಾಸ್ತರ ಸಂಖ್ಯೆ ಮಾತ್ರ ದೊಡ್ಡದು.

1947ರಲ್ಲಿ ಈ ಕಂಪನಿಯ ಇಬ್ಬರು ಅಧಿಕಾರಿಗಳು ಕಚೇರಿ ಕೆಲಸದ ಹೊಸ ಕ್ರಮಗಳನ್ನು ಅರಿಯಲು ಅಮೆರಿಕಕ್ಕೆ ಹೋದರು. ತಮ್ಮ ದೇಶದ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿಯೇ ಮಾರಿಸ್ ವಿಲ್ಕ್ಸ್ ಎಂಬ ವಿಜ್ಞಾನಿಯು ಗಣಕಯಂತ್ರವೊಂದನ್ನು ನಿರ್ಮಿಸುತ್ತಿರುವ ಸಂಗತಿ ಅವರಿಗೆ ಅಲ್ಲಿ ತಿಳಿಯಿತು. ಕಂಪನಿಯು ಆ ಕಾರ್ಯಕ್ಕೆ ಹಣದ ನೆರವನ್ನಿತ್ತು, ಕೇಂಬ್ರಿಜ್ ಯಂತ್ರದ ಮಾದರಿಯಲ್ಲಿ ತನ್ನದೇ ಆದ ಯಂತ್ರವನ್ನು ಕಟ್ಟಿಸಿತು. ಅದರ ಹೆಸರು 'ಲಿಯೊ'. 1951ರ ನವೆಂಬರಿನಲ್ಲಿ ಬೇಕರಿಯ ತಿನಿಸುಗಳ ಮೌಲ್ಯವನ್ನು ವಾರವಾರವೂ ಲೆಕ್ಕಹಾಕುವ ಕೆಲಸವನ್ನು ಅದು ಆರಂಭಿಸಿತು. ವಾಣಿಜ್ಯ ಕಚೇರಿಯೊಂದರ ನಿತ್ಯದ ಕೆಲಸಕ್ಕೆ ಗಣಕಯಂತ್ರವನ್ನು ತೊಡಗಿಸಿದುದು ಪ್ರಪಂಚದಲ್ಲಿ ಅದೇ ಮೊದಲು. ಒಬ್ಬ ನೌಕರನ ಸಂಬಳವನ್ನು ಲೆಕ್ಕಹಾಕಲು ನುರಿತ ಗುಮಾಸ್ತನಿಗೆ ಸುಮಾರು 8 ನಿಮಿಷ ಹಿಡಿಯುತ್ತಿತ್ತು. ಲಿಯೊ ಅದನ್ನು ಒಂದೂವರೆ ಸೆಕೆಂಡಿನಲ್ಲಿ ಮುಗಿಸಿತು.

ಆದರೆ ಲಿಯೊದ ಹಿರಿಮೆ ಕೇವಲ ಅದರ ವೇಗದಲ್ಲಿರಲಿಲ್ಲ. ಪ್ರತಿಯೊಂದು ಚಹಾದಂಗಡಿಯಿಂದಲೂ ದಿನಕ್ಕೊಂದು ಉದ್ದನೆಯ ಪಟ್ಟಿಯನ್ನು ತರಿಸಿಕೊಳ್ಳುವುದನ್ನು 1954ರಲ್ಲಿ ಕೈಬಿಡಲಾಯಿತು. ಅಂಗಡಿಯ ವಾಡಿಕೆಯ ಬೇಡಿಕೆ ಎಷ್ಟೆಂಬುದನ್ನು ಮೊದಲೇ ಗುರುತಿಸಿ ಇಡಲಾಗಿತ್ತು. ಅಂಗಡಿಯನ್ನು ನೋಡಿಕೊಳ್ಳುವಾಕೆ ಮಧ್ಯಾಹ್ನ ದೂರವಾಣಿಯಲ್ಲಿ ಮಾತನಾಡಿ, ನಾಳೆಗೆ ಎಷ್ಟು ಹೆಚ್ಚು ಬೇಕು, ಎಷ್ಟು ಕಡಮೆ ಸಾಕು ಎಂಬುದನ್ನಷ್ಟೇ ತಿಳಿಸಿದರೆ ಸಾಕಾಗಿತ್ತು. ಆ ಬದಲಾವಣೆಗಳನ್ನು ಕಾರ್ಡುಗಳಲ್ಲಿ ರಂಧ್ರಗಳಾಗಿ ಕೊರೆದು ಯಂತ್ರಕ್ಕೆ ಒದಗಿಸಿದೊಡನೆ, ಒಟ್ಟು ಎಷ್ಟು ತಯಾರಿಸಬೇಕು, ಯಾವ ಅಂಗಡಿಗೆ ಏನೇನು ಕಳುಹಿಸಬೇಕು ಎಂಬುದು ಹೊರಬರುತ್ತಿತ್ತು. ಯಾರಿಗೆ, ಯಾವಾಗ, ಯಾವ ಮಾಹಿತಿ ಬೇಕು ಎಂಬ ಪ್ರಶ್ನೆಯನ್ನು ಕಂಪನಿಯವರು ಯಂತ್ರ ಬರುವುದಕ್ಕೆ ಮುಂಚಿನಿಂದಲೂ ಕೇಳಿಕೊಂಡು ಬಂದಿದ್ದರು. ಪ್ರಶ್ನೆ ಸರಿಯಾಗಿದ್ದುದರಿಂದಲೇ ಯಂತ್ರದ ಉತ್ತರಕ್ಕೆ ಬೆಲೆ ಬಂದಿತು.

ಹೀಗೆ ಉಪಕಾರಿಯಾದ ಸಾಧನವೇ, ಅದು ಹೇಳಿದುದನ್ನು ಪರೀಕ್ಷಿಸದೆ ನಂಬಿದಾಗ ಅನರ್ಥಕ್ಕೂ ಕಾರಣವಾಗಬಲ್ಲದು. ಇದಕ್ಕೆ ನಿದರ್ಶನವೂ ಅದೇ ದೇಶದಲ್ಲಿ ದೊರೆಯುತ್ತದೆ. ಲಿಯೊ ಯಂತ್ರವನ್ನು ತಯಾರಿಸುತ್ತಿದ್ದ ಕಂಪನಿಯು ಇತರ ಕಂಪನಿಗಳೊಡನೆ ಕೂಡಿಕೊಳ್ಳುತ್ತ, 1968ರಲ್ಲಿ ಐ.ಸಿ.ಎಲ್. ಎಂಬ ದೊಡ್ಡ ಸಂಸ್ಥೆಯಲ್ಲಿ ಲೀನವಾಯಿತು. ಜಪಾನಿನ ಫುಜಿತ್ಸು ಕಂಪನಿಯ ಒಡೆತನಕ್ಕೆ ಬಂದ ಆ ಸಂಸ್ಥೆಯೇ ಬ್ರಿಟನ್ನಿನ ಅಂಚೆಕಚೇರಿಗಳಿಗಾಗಿ 'ಹೊರೈಜನ್' ಎಂಬ ಲೆಕ್ಕದ ವ್ಯವಸ್ಥೆಯನ್ನು ರೂಪಿಸಿತು. ಅದು 1999ರಿಂದ ಬಳಕೆಗೆ ಬಂದಿತು.

ಕೆಲವು ಕಾಲದಲ್ಲಿಯೇ ಹಲವು ಚಿಕ್ಕ ಅಂಚೆಕಚೇರಿಗಳ ಲೆಕ್ಕದಲ್ಲಿ ಹಣ ಕಡಮೆ ಬೀಳತೊಡಗಿತು. ನಿಜವಾಗಿ ಹಣ ಕಳೆದಿರಲಿಲ್ಲ; ವ್ಯವಸ್ಥೆಯಲ್ಲಿದ್ದ ದೋಷಗಳು ಇಲ್ಲದ ಕೊರತೆಯನ್ನು ತೋರಿಸುತ್ತಿದ್ದವು. ಅಂಚೆಕಚೇರಿಗಳನ್ನು ನಡೆಸುತ್ತಿದ್ದವರು ಮೊರೆಯಿಟ್ಟಾಗ, 'ಇಂತಹ ತೊಂದರೆ ನಿಮ್ಮೊಬ್ಬರಿಗೇ' ಎಂಬ ಉತ್ತರ ಅನೇಕರಿಗೆ ದೊರೆಯಿತು. ಕೆಲವರು ಮನೆಮಾರು ಮಾರಿ ಇಲ್ಲದ ಕೊರತೆಯನ್ನು ತುಂಬಿದರು. 2015ರವರೆಗೆ 900ಕ್ಕೂ ಹೆಚ್ಚು ಮಂದಿ ಕಳ್ಳತನ, ವಂಚನೆ, ಸುಳ್ಳು ಲೆಕ್ಕಗಳ ಆಪಾದನೆಯ ಮೇಲೆ ಅಪರಾಧಿಗಳೆನಿಸಿಕೊಂಡರು. 2010ರಲ್ಲಿ ಗರ್ಭಿಣಿಯೊಬ್ಬರು ಸೆರೆಮನೆಗೆ ಹೋಗಬೇಕಾಯಿತು; ಅವರು ನಿರಪರಾಧಿ ಎಂದು ನ್ಯಾಯಾಲಯವು ಸಾರಿದುದು 2021ರಲ್ಲಿ. 555 ಮಂದಿ ಒಟ್ಟುಗೂಡಿ ಹೂಡಿದ ದಾವೆಯಲ್ಲಿ, ವ್ಯವಸ್ಥೆಯು ದೋಷಯುಕ್ತವಾಗಿತ್ತೆಂದು 2019ರಲ್ಲಿ ತೀರ್ಪಾಯಿತು. 2024ರಲ್ಲಿ ಬ್ರಿಟನ್ನಿನ ಸಂಸತ್ತು ವಿಶೇಷ ಕಾಯಿದೆಯನ್ನು ಮಾಡಿ ನೂರಾರು ಮಂದಿಯ ಮೇಲಿನ ಅಪರಾಧ ನಿರ್ಣಯವನ್ನು ರದ್ದುಪಡಿಸಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

ಇಲ್ಲಿ ತಪ್ಪಿದ್ದು ಯಂತ್ರ ಮಾತ್ರವಲ್ಲ. ಪ್ರತಿಯೊಂದು ಅಂಚೆಕಚೇರಿಯ ಹಣವನ್ನೂ ಎಣಿಸುವ ಏರ್ಪಾಡು ಇತ್ತು. ಬೇರೆ ಬೇರೆ ಊರುಗಳಿಂದ ಬಂದ ಒಂದೇ ಬಗೆಯ ದೂರುಗಳನ್ನು ಕೂಡಿಸಿ ನೋಡುವ ಮನಸ್ಸು ಇರಲಿಲ್ಲ. ದೂರು ಕೂಡ ಒಂದು ಮಾಹಿತಿಯೇ. ಕೆಳಗಿನಿಂದ ಮೇಲಕ್ಕೆ ಅಂಕಿಗಳು ಮಾತ್ರ ಹರಿದು ಬಂದು, ಅವುಗಳನ್ನು ಪ್ರಶ್ನಿಸುವ ದನಿ ಬಾರದಂತೆ ತಡೆದರೆ, ಅಂತಹ ವ್ಯವಸ್ಥೆಯು ಕುರುಡಾಗುತ್ತದೆ. ಲಯನ್ಸ್ ಕಂಪನಿಯಲ್ಲಿ ಅಂಗಡಿಯಾಕೆಯ ಮಾತಿನಿಂದ ಲೆಕ್ಕ ಬದಲಾಗುತ್ತಿತ್ತು. ಹೊರೈಜನ್ನಿನ ಪ್ರಸಂಗದಲ್ಲಿ ಲೆಕ್ಕದ ಮುಂದೆ ಮನುಷ್ಯನ ಮಾತು ನಿಲ್ಲಲಿಲ್ಲ.

ದಿನಸಿ ಅಂಗಡಿಯ ವ್ಯಾಪಾರಿಯ ಬಳಿಗೆ ಗಿರಾಕಿಯೊಬ್ಬನು ಬಂದು, 'ಆ ಬಾಕಿಯನ್ನು ನಾನು ಕಳೆದ ವಾರವೇ ತೀರಿಸಿದ್ದೇನೆ' ಎಂದರೆ, ವಿವೇಕಿಯಾದ ವ್ಯಾಪಾರಿಯು ಕೋಪಿಸಿಕೊಳ್ಳುವುದಿಲ್ಲ. ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿ ನೋಡುತ್ತಾನೆ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಹುಟ್ಟಿದಾಗ ಗಣಕಯಂತ್ರ ಇರಲಿಲ್ಲ. ಆದರೂ ಕಿರ್ದಿ ಪುಸ್ತಕಕ್ಕೆ ಸಲ್ಲುವ ಆ ಮಾತು ಗಣಕಯಂತ್ರಕ್ಕೂ ಸಲ್ಲುತ್ತದೆ. ಲೆಕ್ಕವನ್ನು ಯಂತ್ರಕ್ಕೆ ವಹಿಸಬಹುದು. ಆ ಲೆಕ್ಕದ ಹೊಣೆಯನ್ನು ಮಾತ್ರ ಮನುಷ್ಯನೇ ಹೊರಬೇಕು.