ನೆಲದ ಮೇಲಿನ ಪರೀಕ್ಷೆ

ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಹೊರಡುವ ರೈತನು ಗಾಲಿಯ ಕಡಾಣಿಯನ್ನು ಮುಟ್ಟಿ ನೋಡಿದ ಮೇಲೆಯೇ ಚಕ್ಕಡಿ ಹೂಡುತ್ತಾನೆ. ಆದರೂ ದಾರಿಯಲ್ಲಿ ಅಚ್ಚು ಮುರಿದರೆ ಬೈಲಹೊಂಗಲದಲ್ಲಿಯೋ ರಾಮದುರ್ಗದಲ್ಲಿಯೋ ಬಡಿಗನೊಬ್ಬನು ದೊರೆತಾನು. ಆಕಾಶಕ್ಕೇರಿದ ಉಪಗ್ರಹಕ್ಕೆ ಅಂತಹ ಬಡಿಗನಿಲ್ಲ. ಆದುದರಿಂದ ಅದರ ದೋಷಗಳನ್ನು ನೆಲದ ಮೇಲೆಯೇ ಹುಡುಕಿ ತಿದ್ದಬೇಕು. ಈ ಕಾರ್ಯಕ್ಕೆ ಬಾಳನ್ನು ಮುಡಿಪಾಗಿಟ್ಟ ಕನ್ನಡಿಗರಲ್ಲಿ ಯು. ಆರ್. ರಾವ್ ಅವರು ಅಗ್ರಗಣ್ಯರು.

ಉಡುಪಿ ರಾಮಚಂದ್ರರಾಯರು 1932ರಲ್ಲಿ ಅದಮಾರಿನಲ್ಲಿ ಜನಿಸಿದರು. ವಿಕ್ರಮ ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣಗಳನ್ನು ಅಭ್ಯಸಿಸಿದರು. 1972ರಿಂದ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ತರುಣ ಇಂಜಿನಿಯರುಗಳೊಡನೆ ‘ಆರ್ಯಭಟ’ವನ್ನು ನಿರ್ಮಿಸಿದರು.

ರಾಕೆಟ್ಟು ಮೇಲೇರುವಾಗ ಉಪಗ್ರಹವು ತೀವ್ರವಾಗಿ ಅದುರುತ್ತದೆ. ಅದನ್ನು ತಾಳಬಲ್ಲುದೇ ಎಂದು ಅರಿಯಲು ಕಂಪನಯಂತ್ರದ ಮೇಲಿರಿಸಿ ಅಲುಗಿಸುತ್ತಾರೆ. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಬಿಸಿಲಿಗೊಡ್ಡಿದ ಭಾಗ ಕಾಯುತ್ತದೆ, ನೆರಳಿನ ಭಾಗ ಕೊರೆಯುತ್ತದೆ. ಆದುದರಿಂದ ನಿರ್ವಾತ ಕೋಣೆಯಲ್ಲಿಟ್ಟು ಶಾಖಕ್ಕೂ ಶೈತ್ಯಕ್ಕೂ ಗುರಿಪಡಿಸುತ್ತಾರೆ.

360 ಕಿಲೋಗ್ರಾಂ ತೂಕದ ಆರ್ಯಭಟವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಆದರೆ ಉಪಗ್ರಹವನ್ನು ನಿರ್ಮಿಸಿ ನಡೆಸುವ ವಿದ್ಯೆ ನಮ್ಮದಾಯಿತು.

ಪರೀಕ್ಷೆಗೆ ಬೆಲೆಬಾಳುವ ಯಂತ್ರಗಳೇ ಬೇಕೆಂದಿಲ್ಲ. ‘ಆಪಲ್’ ಎಂಬ ಸಂಪರ್ಕ ಉಪಗ್ರಹದ ಆಂಟೆನಾವನ್ನು ಪರೀಕ್ಷಿಸುವಾಗ ಲೋಹದ ವಾಹನವು ಅಡ್ಡಿಯಾಗಬಾರದೆಂದು ಅದನ್ನು ಎತ್ತಿನ ಗಾಡಿಯ ಮೇಲಿರಿಸಿದರು! 1981ರ ಜೂನ್ 19ರಂದು ಯೂರೋಪಿನ ಏರಿಯಾನ್ ರಾಕೆಟ್ಟು ಅದನ್ನು ಒಯ್ದಿತು. ಅದರ ಒಂದು ಸೌರಫಲಕ ಬಿಚ್ಚಿಕೊಳ್ಳಲಿಲ್ಲ. ಆದರೂ ಇಂಜಿನಿಯರುಗಳು ಅದನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿಸಿಕೊಂಡರು.

1984ರಲ್ಲಿ ರಾಯರು ಇಸ್ರೋದ ಅಧ್ಯಕ್ಷರಾದರು. ಶ್ರೀಹರಿಕೋಟೆಯಿಂದ ಹಾರಿದ ಎ.ಎಸ್.ಎಲ್.ವಿ. ರಾಕೆಟ್ಟು 1987ರಲ್ಲಿಯೂ 1988ರಲ್ಲಿಯೂ ವಿಫಲವಾಯಿತು. ಮೊದಲ ಸಲ ಒಂದು ಹಂತವು ಹೊತ್ತಿಕೊಳ್ಳಲೇ ಇಲ್ಲ. ಅವರು ಎದೆಗುಂದದೆ ಕಾರಣಗಳನ್ನು ಶೋಧಿಸುವ ಕಾರ್ಯವನ್ನು ನಡೆಸಿದರು. ತಿದ್ದಿದ ರಾಕೆಟ್ಟು 1992ರ ಮೇ ತಿಂಗಳಲ್ಲಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

2017ರಲ್ಲಿ ರಾಯರು ನಿಧನರಾದರು. ಬೆಂಗಳೂರಿನ ಉಪಗ್ರಹ ಕೇಂದ್ರವು ಇಂದು ಅವರ ಹೆಸರನ್ನು ಹೊತ್ತಿದೆ. ಅಲ್ಲಿ ನಿರ್ಮಾಣವಾಗುವ ಪ್ರತಿಯೊಂದು ಉಪಗ್ರಹವೂ ಮೊದಲು ನೆಲದ ಮೇಲೆ ಅದುರಿ, ಕಾದು, ತಣಿದು, ಅನಂತರವೇ ಆಕಾಶಕ್ಕೆ ಅರ್ಹತೆ ಪಡೆಯುತ್ತದೆ. ಪರೀಕ್ಷೆಯಲ್ಲಿ ದೋಷ ಕಂಡುಬಂದರೆ ಅದು ಸೋಲಲ್ಲ. ಸೋಲನ್ನು ತಪ್ಪಿಸಿಕೊಳ್ಳಲು ದೊರೆತ ಅವಕಾಶ.