ಮುದ್ರೆಯು ತೇಲಿಸದು

1904ರ ಜೂನ್ 15ರಂದು ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ‘ಜನರಲ್ ಸ್ಲೋಕಮ್’ ಎಂಬ ಪ್ರಯಾಣಿಕರ ಹಡಗು ಬೆಂಕಿಗೆ ತುತ್ತಾಗಿ ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಬಹುಮಂದಿ ಸ್ತ್ರೀಯರು, ಮಕ್ಕಳು. ಹಡಗಿನಲ್ಲಿ ಜೀವರಕ್ಷಕ ಕವಚಗಳಿದ್ದವು. ಹಿಂದಿನ ತಿಂಗಳಷ್ಟೇ ಸರ್ಕಾರದ ತನಿಖಾಧಿಕಾರಿಯು ಒಪ್ಪಿಗೆಯನ್ನೂ ಇತ್ತಿದ್ದನು. ಆದರೆ ಹದಿಮೂರು ವರ್ಷ ಹಳೆಯವಾದ ಆ ಕವಚಗಳ ಬಟ್ಟೆ ಕೈಯಿಟ್ಟೊಡನೆ ಹರಿದು, ಒಳಗಿನ ಕಾರ್ಕು ಪುಡಿಪುಡಿಯಾಗಿ ಉದುರಿತು. ನಿಯಮದ ತೂಕವನ್ನು ತುಂಬಿಸಲು ಕಾರ್ಕಿನೊಳಗೆ ಕಬ್ಬಿಣವನ್ನು ಸೇರಿಸಿದರೆಂಬ ಆರೋಪವು ಬಳಿಕ ತಯಾರಕರ ಮೇಲೆ ಬಂದಿತು. ತೂಕವನ್ನು ನೋಡಿದವರು ತೇಲುವುದೇ ಎಂದು ನೋಡಲಿಲ್ಲ.

ಇಂದು ಕಡಲ ಹಡಗುಗಳಿಗೆ ಅಂತರರಾಷ್ಟ್ರೀಯ ನಿಯಮವುಂಟು. ಕವಚವನ್ನು 24 ಗಂಟೆ ಸಿಹಿನೀರಿನಲ್ಲಿ ಮುಳುಗಿಸಿಟ್ಟರೂ ತೇಲುವ ಶಕ್ತಿ ಶೇಕಡ 5ಕ್ಕಿಂತ ಹೆಚ್ಚು ಕುಗ್ಗಕೂಡದು. 2 ಸೆಕೆಂಡು ಜ್ವಾಲೆ ಆವರಿಸಿದರೂ ಉರಿಯುತ್ತ ಹೋಗಕೂಡದು. ಪ್ರಜ್ಞೆ ತಪ್ಪಿದವನ ಬಾಯಿಯನ್ನು ನೀರಿನಿಂದ ಮೇಲೆತ್ತಿ ಹಿಡಿಯಬೇಕು.

ಇವು ತಕ್ಕ ಪರೀಕ್ಷೆಗಳೇ ಸರಿ. ಆದರೆ ಅವು ಹೊಸ ಮಾದರಿಯ ಗುಣವನ್ನು ಹೇಳಬಲ್ಲವೇ ಹೊರತು, ಬಿಸಿಲು ಉಪ್ಪುಗಾಳಿಗಳಲ್ಲಿ ವರ್ಷಗಟ್ಟಲೆ ಬಿದ್ದುದರ ಗುಣವನ್ನಲ್ಲ. ಆದುದರಿಂದ ಅಧಿಕಾರಿಗಳು ಕವಚಗಳನ್ನು ಎಣಿಸಿ ಸಹಿ ಹಾಕಿದರೆ ಸಾಲದು. ಪಟ್ಟಿಯನ್ನು ಎಳೆದು, ಹೊಲಿಗೆಯನ್ನು ನೋಡಿ, ಕೆಲವನ್ನಾದರೂ ನೀರಿಗಿಳಿಸಿ ಪರೀಕ್ಷಿಸಬೇಕು. ಮುಳುಗುವವನನ್ನು ಕಾಗದದ ಮೇಲಣ ಮುದ್ರೆಯು ತೇಲಿಸದು.