ನೂರು ಎಂದು ಬರೆದ ಕಾಗದ

ಕಳೆದ ಜೂನ್ ತಿಂಗಳಲ್ಲಿ ನನ್ನ ಮೊಮ್ಮಗಳು ಅಮೆರಿಕದಿಂದ ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಗೆ ಬಂದಿದ್ದಳು. ಹತ್ತು ವರ್ಷದ ಹುಡುಗಿ. ಹೊರಗೆ ಜಿಟಿಜಿಟಿ ಮಳೆ. ಆಡಲು ಜೊತೆಗಾರರು ಸಿಗದೆ ನನ್ನ ಮಂಚದ ಕೆಳಗಿದ್ದ ತಗಡಿನ ಟ್ರಂಕನ್ನು ಎಳೆದು ತೆಗೆದಳು. ಅದರಲ್ಲಿ ಇರುವುದು ಬರೀ ಕಾಗದ: ಹಳೆಯ ಪಾಸ್‌ಬುಕ್, ಬಸ್ ಟಿಕೆಟು, ಮದುವೆ ಪತ್ರಿಕೆ, ಸಿನಿಮಾ ಪದ್ಯಗಳ ಪುಸ್ತಕ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಕಾಗದ ಎಸೆಯಲು ಕೈ ಬರುವುದಿಲ್ಲ.

“ಮುತ್ಯಾ, ಇದು ನಮ್ಮೂರಿನ ಟೀಮಿಂದು! ನಿಮ್ಮ ಹತ್ರ ಹ್ಯಾಂಗ ಬಂತು?” ಎಂದು ಕೂಗಿದಳು. ಅವಳ ಕೈಯಲ್ಲಿದ್ದದ್ದು ಒಂದು ಬ್ಯಾಸ್ಕೆಟ್‌ಬಾಲ್ ಆಟದ ಟಿಕೆಟು. ತಂಡದ ಹೆಸರು ಗೋಲ್ಡನ್ ಸ್ಟೇಟ್ ವಾರಿಯರ್ಸ್.

“ನಿನ್ನ ಕಾರಣದಿಂದಲೇ ಬಂತವ್ವಾ” ಎಂದೆ. 2015ರ ಫೆಬ್ರವರಿಯಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಊರಿಗೆ ಹೋಗಿದ್ದೆವು. ಮೊಮ್ಮಗಳು ತೊಟ್ಟಿಲಲ್ಲಿದ್ದಳು. ಒಂದು ಸಂಜೆ ಅಳಿಯ ನನ್ನನ್ನು ಹತ್ತಿರದ ಓಕ್‌ಲ್ಯಾಂಡಿಗೆ ಆಟ ನೋಡಲು ಕರೆದುಕೊಂಡು ಹೋದ. ಆಟ ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಟಿಕೆಟನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಈ ತಂಡದ ಕಥೆ ಓದುತ್ತಾ ಹೋದೆ. ಓದಿದಷ್ಟೂ ಇದು ನಮ್ಮ ಬ್ಯಾಂಕಿನ ಕಥೆಯ ಹಾಗೆಯೇ ಇದೆಯಲ್ಲ ಅನ್ನಿಸಿತು.

ಯಾಕೆ ಗೊತ್ತೇ ಮಕ್ಕಳೇ? ನಾನು ಕೆಲಸಕ್ಕೆ ಸೇರಿದ ಬ್ಯಾಂಕಿನ ಹೆಸರು ಈಗಿಲ್ಲ. ಅದು ಇನ್ನೊಂದು ಬ್ಯಾಂಕಿನಲ್ಲಿ ಸೇರಿಹೋಯಿತು. ಈ ತಂಡವೂ ಹಾಗೆಯೇ ಊರು ಬದಲಿಸಿತು, ಹೆಸರು ಬದಲಿಸಿತು. 1946ರಲ್ಲಿ ಅದು ಹುಟ್ಟಿದ್ದು ಅಮೆರಿಕದ ಪೂರ್ವ ತುದಿಯ ಫಿಲಡೆಲ್ಫಿಯಾದಲ್ಲಿ. ಹೆಸರು ಫಿಲಡೆಲ್ಫಿಯಾ ವಾರಿಯರ್ಸ್. ವಾರಿಯರ್ಸ್ ಎಂದರೆ ಯೋಧರು. ಹೊಸದಾಗಿ ಶುರುವಾದ ಲೀಗಿನ ಮೊದಲ ಚಾಂಪಿಯನ್ ಪಟ್ಟ 1947ರಲ್ಲಿ ಇದೇ ತಂಡಕ್ಕೆ ಸಿಕ್ಕಿತು. ಅದೇ ಲೀಗ್ 1949ರಿಂದ ಎನ್‌ಬಿಎ ಎನ್ನಿಸಿಕೊಂಡಿತು. 1956ರಲ್ಲಿ ತಂಡ ಮತ್ತೆ ಗೆದ್ದಿತು. 1962ರಲ್ಲಿ ದೇಶದ ಈ ತುದಿಯಿಂದ ಆ ತುದಿಗೆ, ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. 1971ರಲ್ಲಿ ಓಕ್‌ಲ್ಯಾಂಡನ್ನು ನೆಲೆ ಮಾಡಿಕೊಂಡು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಆಯಿತು. ಗೋಲ್ಡನ್ ಸ್ಟೇಟ್ ಎಂಬುದು ಯಾವ ಊರಿನ ಹೆಸರೂ ಅಲ್ಲ, ಕ್ಯಾಲಿಫೋರ್ನಿಯಾ ರಾಜ್ಯದ ಅಡ್ಡಹೆಸರು. 1975ರಲ್ಲಿ ಮತ್ತೊಮ್ಮೆ ಚಾಂಪಿಯನ್. ಅಲ್ಲಿಂದ ಮುಂದಿನ ಪಟ್ಟಕ್ಕೆ ನಲವತ್ತು ವರ್ಷ ಕಾಯಬೇಕಾಯಿತು. ಸ್ಟೀಫನ್ ಕರಿ ಎಂಬ ಆಟಗಾರನ ಕಾಲದಲ್ಲಿ 2015, 2017, 2018, 2022ರಲ್ಲಿ ಗೆದ್ದರು. 2019ರಲ್ಲಿ ತಂಡ ಮತ್ತೆ ಸ್ಯಾನ್ ಫ್ರಾನ್ಸಿಸ್ಕೋಗೆ ಮರಳಿತು. ಅಲ್ಲಿನ ಹೊಸ ಕ್ರೀಡಾಂಗಣಕ್ಕೆ ಇಟ್ಟಿರುವುದು ಒಂದು ಬ್ಯಾಂಕಿನ ಹೆಸರು ಎಂದು ಓದಿದಾಗ ನನಗೆ ನಗು ಬಂತು.

ಇಷ್ಟೆಲ್ಲ ಊರು ಸುತ್ತಿದ ತಂಡದ ನೆನಪು ಉಳಿದಿರುವುದು ಹೇಗೆ? ಬಹುಪಾಲು ಕಾಗದದಿಂದ. ಟಿಕೆಟು, ಆಟದ ದಿನ ಮಾರುವ ಪುಸ್ತಿಕೆ, ಅಂಕಪಟ್ಟಿ, ಆಟಗಾರರ ಚಿತ್ರದ ಕಾರ್ಡು. ನಾವು ಚಿಕ್ಕವರಿದ್ದಾಗ ಕಡ್ಡಿಪೆಟ್ಟಿಗೆಯ ಚಿತ್ರ ಕೂಡಿಹಾಕುತ್ತಿದ್ದ ಹಾಗೆ ಅಲ್ಲಿನ ಮಕ್ಕಳು ಆ ಕಾರ್ಡುಗಳನ್ನು ಕೂಡಿಹಾಕುತ್ತಿದ್ದರು. 1961ರಲ್ಲಿ ಫ್ಲೀರ್ ಎಂಬ ಬಬಲ್‌ಗಮ್ ಕಂಪನಿ 66 ಬ್ಯಾಸ್ಕೆಟ್‌ಬಾಲ್ ಕಾರ್ಡುಗಳನ್ನು ಹೊರತಂದಿತು. ಅದರಲ್ಲಿ 8ನೇ ಕಾರ್ಡು ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್ಲಿನ್ ಅವರದು. ಏಳು ಅಡಿ ಒಂದು ಅಂಗುಲ ಎತ್ತರದ ಆಳು! ಅಂದು ಮಕ್ಕಳು ಚಿಲ್ಲರೆ ಕಾಸಿಗೆ ಕೊಂಡ ಆ ಕಾರ್ಡಿಗೆ ಇಂದು ಸಂಗ್ರಾಹಕರು ದೊಡ್ಡ ಬೆಲೆ ಕೊಡುತ್ತಾರೆ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೊಂದು ಕಾಗದ.

1962ರ ಮಾರ್ಚ್ 2ರ ರಾತ್ರಿ. ಊರು ಹರ್ಷಿ, ಚಾಕೊಲೇಟಿಗೆ ಹೆಸರಾದ ಊರು. ಫಿಲಡೆಲ್ಫಿಯಾ ವಾರಿಯರ್ಸ್ ಮತ್ತು ನ್ಯೂಯಾರ್ಕ್ ನಿಕ್ಸ್ ತಂಡಗಳ ಆಟ. ನೋಡಲು ಬಂದವರು 4,124 ಜನ. ಟೀವಿಯಲ್ಲಿ ಪ್ರಸಾರವಿಲ್ಲ. ಅಂದು ಚೇಂಬರ್ಲಿನ್ ಒಬ್ಬರೇ 100 ಅಂಕ ಗಳಿಸಿದರು. ವಾರಿಯರ್ಸ್ 169–147ರಿಂದ ಗೆದ್ದರು. ಎನ್‌ಬಿಎಯಲ್ಲಿ ಒಂದೇ ಆಟದಲ್ಲಿ ಅಷ್ಟು ಅಂಕವನ್ನು ಇವತ್ತಿನವರೆಗೂ ಬೇರೆ ಯಾರೂ ಗಳಿಸಿಲ್ಲ.

ನಂಬುವುದು ಹೇಗೆ? ಗುಮಾಸ್ತನ ಬುದ್ಧಿ ನೋಡಿ, ನಾನು ಅಂಕಪಟ್ಟಿ ಹಿಡಿದು ಲೆಕ್ಕಕ್ಕೆ ಕೂತೆ. ನೀವೂ ಪೆನ್ಸಿಲ್ ತೆಗೆದುಕೊಳ್ಳಿ. ಆಟದ ನಾಲ್ಕು ಭಾಗಗಳಲ್ಲಿ ಅವರ ಅಂಕ: 23, 18, 28, 31. ಕೂಡಿಸಿ, ನೂರು. ಈಗ ಇನ್ನೊಂದು ದಾರಿ. ತಲಾ ಎರಡು ಅಂಕದ 36 ಬುಟ್ಟಿಗಳು, ಅಂದರೆ 72. ತಲಾ ಒಂದು ಅಂಕದ ಫ್ರೀ ಥ್ರೋ 28. ಕೂಡಿಸಿ, ಮತ್ತೆ ನೂರು! ಮೂರು ಅಂಕದ ಎಸೆತ ಎನ್‌ಬಿಎಗೆ ಬಂದದ್ದು 1979ರಲ್ಲಿ, ಹಾಗಾಗಿ ಇಲ್ಲಿ ಅದರ ಮಾತಿಲ್ಲ. ಎರಡೂ ಕಡೆ ತಾಳೆಯಾಯಿತು. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾದಾಗ ಆಗುತ್ತಿದ್ದ ಖುಷಿಯೇ ನನಗಾಯಿತು.

ಆಟ ಮುಗಿದ ಮೇಲೆ ಕೊಠಡಿಯಲ್ಲಿ ಒಂದು ಫೋಟೋ ಬೇಕಾಯಿತು. ನೂರು ಅಂಕವನ್ನು ಫೋಟೋದಲ್ಲಿ ತೋರಿಸುವುದು ಹೇಗೆ? ತಂಡದ ಪ್ರಚಾರದ ಕೆಲಸ ನೋಡುತ್ತಿದ್ದ ಹಾರ್ವೆ ಪೊಲ್ಲಾಕ್ ಒಂದು ಕಾಗದ ತೆಗೆದುಕೊಂಡು ಅದರ ಮೇಲೆ 100 ಎಂದು ಗೀಚಿ ಚೇಂಬರ್ಲಿನ್ ಕೈಗೆ ಕೊಟ್ಟರು. ಮಗನ ಜೊತೆ ಸುಮ್ಮನೆ ಆಟ ನೋಡಲು ಬಂದಿದ್ದ ಪಾಲ್ ವಾಥಿಸ್ ಎಂಬ ಪತ್ರಿಕಾ ಛಾಯಾಗ್ರಾಹಕರು ಕಾರಿನಲ್ಲಿದ್ದ ಕ್ಯಾಮೆರಾ ತಂದು ಚಿತ್ರ ತೆಗೆದರು. ಆ ರಾತ್ರಿಯ ಆಟದ ಚಲನಚಿತ್ರ ಒಂದು ತುಣುಕೂ ಇಲ್ಲ. ಆದರೂ ಕಾಗದ ಹಿಡಿದು ಕೂತ ಆ ಮನುಷ್ಯನ ಚಿತ್ರ ಜಗತ್ತಿಗೆಲ್ಲ ಗೊತ್ತು.

ಇದನ್ನು ಓದುವಾಗೆಲ್ಲ ನನಗೆ ನೆನಪಾಗುವುದು ನನ್ನ ಒಬ್ಬ ಗೆಳೆಯ. ಕೌಂಟರಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ. ನಮ್ಮ ಶಾಖೆಗಳ ವಾಲಿಬಾಲ್ ತಂಡಕ್ಕೆ ಅವನೇ ನಾಯಕ. 1981ರಲ್ಲಿ ಕಲಬುರಗಿಯಲ್ಲಿ ನಡೆದ ಪಂದ್ಯಾಟದಲ್ಲಿ ಅವನ ಹೊಡೆತಕ್ಕೆ ಎದುರಿನವರು ಕೈ ಒಡ್ಡಲು ಹೆದರುತ್ತಿದ್ದರು. ನಾನು ಆಡುತ್ತಿರಲಿಲ್ಲ, ಅಂಕ ಬರೆಯುತ್ತಿದ್ದೆ. ಆ ಪಂದ್ಯಾಟದ ಪುಸ್ತಿಕೆ, ತಂಡದ ಫೋಟೋ ಎಲ್ಲ ನನ್ನ ಬಳಿಯೇ ಇದ್ದವು. ಆಮೇಲೆ ಒಂದು ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುವಾಗ ಒಂದು ಗಂಟು ಕಾಗದವನ್ನು ನೋಡದೆಯೇ ರದ್ದಿಯವನಿಗೆ ತೂಗಿ ಕೊಟ್ಟುಬಿಟ್ಟೆ. ಅವೂ ಅದರಲ್ಲಿ ಹೋದವು. ತಪ್ಪು ನನ್ನದೇ.

ಗೆಳೆಯ ತೀರಿಕೊಂಡು ಮೂರು ವರ್ಷವಾಯಿತು. ಹೋದ ವರ್ಷ ಅವನ ಮೊಮ್ಮಗ, ಒಂಬತ್ತನೇ ತರಗತಿಯ ಹುಡುಗ, ನಮ್ಮ ಮನೆಗೆ ಬಂದ. ಶಾಲೆಯ ವಾಲಿಬಾಲ್ ತಂಡಕ್ಕೆ ಆಯ್ಕೆಯಾಗಿದ್ದ. “ನಮ್ಮ ಮುತ್ಯಾ ಖರೇನೇ ಆಡ್ತಿದ್ರೇನ್ರಿ? ಮನ್ಯಾಗ ಒಂದು ಫೋಟೋನೂ ಇಲ್ಲ. ಗೆಳೆಯರು ನಂಬಲ್ಲ” ಎಂದ. ನನಗೆ ತಲೆ ಎತ್ತಿ ಅವನನ್ನು ನೋಡಲಾಗಲಿಲ್ಲ. ಅವನು ಹೋದ ಮೇಲೆ ಎರಡು ದಿನ ಮನೆಯೆಲ್ಲ ಹುಡುಕಿದೆ. ಕೊನೆಗೆ ಇದೇ ಟ್ರಂಕಿನ ತಳಕ್ಕೆ ಹಾಸಿದ್ದ ಹಾಳೆಗಳನ್ನು ಕಿತ್ತಾಗ ಒಂದು ಸೈಕ್ಲೋಸ್ಟೈಲ್ ಪ್ರತಿ ಸಿಕ್ಕಿತು. ಅಂಚು ತಿಂದುಹೋಗಿತ್ತು. ತಂಡದವರ ಹೆಸರುಗಳ ಪಟ್ಟಿ ಮಾತ್ರ ಉಳಿದಿತ್ತು. ಮೊದಲ ಹೆಸರು ನನ್ನ ಗೆಳೆಯನದು, ಪಕ್ಕದಲ್ಲಿ ‘ನಾಯಕ’ ಎಂದು. ಅದನ್ನು ಹುಡುಗನಿಗೆ ಕೊಟ್ಟಾಗ ಅವನು ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ನಿಂತಿದ್ದ.

ನಮ್ಮ ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗಾವಾನರ ಮದರಸಾ ಇದೆ. ಅಲ್ಲಿ ದೊಡ್ಡ ಗ್ರಂಥಾಲಯವಿತ್ತು. ಇಂದು ಗೋಡೆಗಳಿವೆ, ಗ್ರಂಥಗಳಿಲ್ಲ. ಕಲ್ಲು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಕಾಗದವನ್ನು ನಾವು ಕಾಯಬೇಕು.

ಕಾಯುವುದು ಕಷ್ಟವೇನಲ್ಲ. ಹಳೆಯ ಕಾಗದಕ್ಕೆ ಗೋಂದು, ಅಂಟುಪಟ್ಟಿ ಹಚ್ಚಬೇಡಿ, ಅವು ಕಲೆ ಮಾಡುತ್ತವೆ. ತೇವ, ಬಿಸಿಲು ಎರಡೂ ತಾಗದ ಕಡೆ ಇಡಿ. ಗುಂಡುಪಿನ್ನು ತೆಗೆಯಿರಿ, ತುಕ್ಕು ಹಿಡಿಯುತ್ತದೆ. ಈಗಿನ ಬಸ್ ಟಿಕೆಟು, ರಸೀದಿಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಬೇಕಾದದ್ದರ ಝೆರಾಕ್ಸ್ ಮಾಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ: ಯಾವ ದಿನ, ಯಾವ ಊರು, ಯಾರ್‍ಯಾರು ಇದ್ದರು. ಮಕ್ಕಳು ಕೇಳಲಿ, ಅಜ್ಜ ಅಜ್ಜಿಯರು ಹೇಳಲಿ. ಹೇಳುವವರು ಇರುವಾಗಲೇ ಬರೆದುಕೊಳ್ಳಬೇಕು.

ಮೊಮ್ಮಗಳು ಊರಿಗೆ ಮರಳಿದ ಮೇಲೆ ಅಪ್ಪನ ಜೊತೆ ವಾರಿಯರ್ಸ್ ಆಟಕ್ಕೆ ಹೋಗಿದ್ದಳಂತೆ. ಈಗ ಟಿಕೆಟು ಫೋನಿನಲ್ಲೇ ಬರುತ್ತದೆ, ಕೈಗೆ ಕಾಗದ ಸಿಗುವುದಿಲ್ಲ. ತಿಂಗಳ ನಂತರ ಚಿದ್ರಿಗೆ ಒಂದು ಲಕೋಟೆ ಬಂತು. ಒಳಗೆ ರಟ್ಟಿನ ತುಂಡಿನ ಮೇಲೆ ಅವಳೇ ಬರೆದ ಟಿಕೆಟು. ತಾರೀಖು, ಸೀಟಿನ ನಂಬರು, ಎರಡೂ ತಂಡಗಳ ಅಂಕ ಎಲ್ಲ ಇತ್ತು. ಹಿಂದೆ ಪೆನ್ಸಿಲಿನಲ್ಲಿ ಸೊಟ್ಟ ಕನ್ನಡ ಅಕ್ಷರ: “ಪಕ್ಕದ ಸೀಟಿನಲ್ಲಿ ಅಪ್ಪ ಇದ್ದರು.”

ಅದನ್ನು 2015ರ ಟಿಕೆಟಿನ ಜೊತೆಗೇ ಇಟ್ಟಿದ್ದೇನೆ.